ನಡಿಗಡ್ಡದ ಹೂವು, ಲೋಕದ ಅಂಗಿ

ಭಾದ್ರಪದದ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಧರೂರಿನ ಹತ್ತಿ ಹೊಲಗಳಲ್ಲಿ ಎರಡನೆಯ ಪಾಳಿ ಆರಂಭವಾಗುತ್ತದೆ. ಬುತ್ತಿಗಂಟನ್ನು ಬದುವಿನ ಬೇವಿನ ಕೊಂಬೆಗೆ ಕಟ್ಟಿ, ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲು ಸುತ್ತಿಕೊಂಡ ಹೆಂಗಸರು ಸಾಲಿಗೊಬ್ಬರಂತೆ ಒಳಗಿಳಿಯುತ್ತಾರೆ. ಗಿಡ ಎದೆಮಟ್ಟಕ್ಕೆ ಬಂದಿದೆ. ನಾಳೆ ಅರಳುವ ಮೊಗ್ಗು ಯಾವುದು, ನಾಡಿದ್ದಿನದು ಯಾವುದು ಎಂಬುದು ಅವರ ಕಣ್ಣಿಗೆ ನಾಲ್ಕು ಹೆಜ್ಜೆ ದೂರದಿಂದಲೇ ಗೊತ್ತಾಗುತ್ತದೆ. ನಾಳೆಯ ಮೊಗ್ಗು ಹಸಿರು ಹೊದಿಕೆಯೊಳಗಿಂದ ಕೆನೆಬಣ್ಣದ ತುದಿಯನ್ನು ಹೊರಗೆ ಚಾಚಿರುತ್ತದೆ. ಅದನ್ನು ಎಡಗೈಯಲ್ಲಿ ಹಿಡಿದು, ಬಲಗೈ ಹೆಬ್ಬೆರಳಿನ ಉಗುರನ್ನು ಬುಡಕ್ಕೆ ಊರಿ, ಒಂದು ಸುತ್ತು ತಿರುವಿ ಎಳೆದರೆ ದಳಗಳೂ ಗಂಡು ಕೇಸರಗಳೂ ಒಟ್ಟಿಗೆ ಕಳಚಿ ಬರುತ್ತವೆ. ಪುಟ್ಟ ಕಾಯಿಯ ಮೇಲೆ ಒಂದು ಬೆಳ್ಳನೆಯ ಕಡ್ಡಿ ಮಾತ್ರ ಉಳಿಯುತ್ತದೆ. ಉಗುರು ತುಸು ಆಳಕ್ಕೆ ಇಳಿದರೆ ಕಾಯಿಗೆ ಪೆಟ್ಟಾಗಿ ಎರಡು ದಿನದಲ್ಲಿ ಉದುರುತ್ತದೆ. ತುಸು ಮೇಲಾದರೆ ಒಂದೆರಡು ಕೇಸರ ಅಲ್ಲೇ ಉಳಿದು, ಹೂವು ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟಿ, ಬೀಜದ ತಳಿ ಕೆಡುತ್ತದೆ. ಬೋಳಾದ ಕಡ್ಡಿಯ ಮೇಲೆ ಕೆಂಪು ಕಾಗದದ ಟೊಪ್ಪಿಗೆ ಇಟ್ಟು ಕೈ ಮುಂದಿನ ಮೊಗ್ಗಿಗೆ ಹೋಗುತ್ತದೆ. ಕತ್ತಲಾಗುವ ಹೊತ್ತಿಗೆ ಹಸಿರು ಹೊಲದ ತುಂಬ ಕೆಂಪು ಚುಕ್ಕಿ.

ಮರುದಿನ ಎಂಟು, ಎಂಟೂವರೆಗೆ ಇಬ್ಬನಿ ಆರಿದ ಮೇಲೆ ಗಂಡು ಗಿಡಗಳ ತುಂಡು ಹೊಲದಿಂದ ಅರಳಿದ ಹೂಗಳನ್ನು ಬುಟ್ಟಿಯಲ್ಲಿ ಕೊಯ್ದು ತರುತ್ತಾರೆ. ಟೊಪ್ಪಿಗೆ ತೆಗೆದು, ಹೂವಿನ ಪರಾಗವನ್ನು ಆ ಬಿಳಿ ಕಡ್ಡಿಗೆ ಮೆಲ್ಲಗೆ ಸವರುತ್ತಾರೆ. ಒಂದು ಗಂಡು ಹೂವು ನಾಲ್ಕೈದು ಹೆಣ್ಣು ಹೂವುಗಳಿಗೆ ಸಾಕು. ಹನ್ನೆರಡರೊಳಗೆ ಮುಗಿಯಬೇಕು, ಬಿಸಿಲೇರಿದರೆ ಪರಾಗದ ಜೀವ ಹೋಗುತ್ತದೆ. ರಾಯಚೂರಿನ ಕಡೆಯ ಹಳ್ಳಿಯಿಂದ ದಿನವೂ ಆಟೋದಲ್ಲಿ ಬರುವ ನಡುವಯಸ್ಸಿನ ಹೆಂಗಸೊಬ್ಬಳು ಕೈ ನಿಲ್ಲಿಸದೆ ಹೇಳಿದಳು: “ಇವತ್ತಿನ ಹೂವಿಗೆ ಇವತ್ತೇ ರೀ ಅಣ್ಣಾ. ನಾಳಿ ಮಾಡ್ತೀನಂದ್ರ ಅದು ಕೆಂಪಾಗಿ ಹೋಗಿರ್ತದ.” ಹತ್ತಿಯ ಹೂವು ಅರಳಿದ ದಿನ ಕೆನೆಬಿಳಿ, ಮರುದಿನ ಗುಲಾಬಿ. ಬಣ್ಣ ತಿರುಗಿತೆಂದರೆ ಅದರ ಕೆಲಸ ಮುಗಿಯಿತು.

ಇದು ಬಟ್ಟೆಗೆ ಬೆಳೆಯುವ ಹತ್ತಿಯಲ್ಲ, ಬೀಜಕ್ಕೆ ಬೆಳೆಯುವ ಹತ್ತಿ. ಇಲ್ಲಿನವರ ಬಾಯಲ್ಲಿ ‘ಸೀಡ್ ಪತ್ತಿ’. ಮೇಲೆ ವಿವರಿಸಿದ ಕೆಲಸಕ್ಕೆ ‘ಕ್ರಾಸಿಂಗ್’. ಜಗತ್ತಿನ ಹತ್ತಿ ಬೆಳೆಯುವ ಒಟ್ಟು ನೆಲದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಭಾರತದಲ್ಲಿದೆ. ಆ ನೆಲದ ಬಹುಪಾಲು ಹೈಬ್ರಿಡ್, ಅಂದರೆ ಎರಡು ತಳಿ ಕೂಡಿಸಿದ ಬೀಜದ್ದು. ಅಮೆರಿಕ, ಬ್ರೆಜಿಲ್, ಆಸ್ಟ್ರೇಲಿಯಾದ ರೈತರು ಸಾಮಾನ್ಯ ತಳಿಗಳನ್ನು ಬಿತ್ತುತ್ತಾರೆ. ಅಲ್ಲಿ ಬೀಜವನ್ನು ಯಂತ್ರದಿಂದಲೇ ಬೆಳೆದು, ಯಂತ್ರದಿಂದಲೇ ಬಿಡಿಸಬಹುದು. ಹೈಬ್ರಿಡ್ ಬೀಜವನ್ನಾದರೋ ಪ್ರತಿ ವರ್ಷ ಹೊಸದಾಗಿ, ಮೊಗ್ಗು ಮೊಗ್ಗಿಗೂ ಬೆರಳಿಟ್ಟೇ ಮಾಡಬೇಕು. ನಮ್ಮ ರೈತರು ವರ್ಷಕ್ಕೆ ನಾಲ್ಕೈದು ಕೋಟಿ ಪೊಟ್ಟಣ ಹತ್ತಿ ಬೀಜ ಕೊಳ್ಳುತ್ತಾರೆ. ಅದರಲ್ಲಿ ದೊಡ್ಡ ಪಾಲು ಹುಟ್ಟುವ ಸೀಮೆಗಳಲ್ಲಿ ಧರೂರು ಇರುವ, ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆ ಮುಂಚೂಣಿಯಲ್ಲಿದೆ. ಜಾಗತಿಕ ಪೂರೈಕೆ ಸರಪಳಿ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಕಂಟೇನರ್ ಹಡಗು, ಬಂದರಿನ ಕ್ರೇನು, ಗೋದಾಮು. ನೀವು ಈಗ ತೊಟ್ಟಿರುವ ಅಂಗಿಯ ಸರಪಳಿಯನ್ನು ಹಿಂದಕ್ಕೆ ಎಳೆಯುತ್ತ ಹೋಗಿ. ಅಂಗಡಿ, ಗಾರ್ಮೆಂಟ್ಸ್, ಗಿರಣಿ, ಜಿನ್ನಿಂಗ್, ವಿದರ್ಭದ್ದೋ ರಾಯಚೂರಿನದ್ದೋ ಹತ್ತಿ ಹೊಲ, ಬೀಜದ ಅಂಗಡಿ ಎಲ್ಲ ದಾಟಿದ ಮೇಲೆ ಸಿಗುವ ಮೊದಲ ಕೊಂಡಿ ಇಂಥದೊಂದು ಉಗುರು.

ಎರಡು ನದಿಗಳ ನಡುವಿನ ಈ ನೆಲಕ್ಕೆ ತೆಲುಗಿನಲ್ಲಿ ನಡಿಗಡ್ಡ ಎನ್ನುತ್ತಾರೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಆಲಂಪುರದ ಬಳಿ ಎರಡೂ ಕೂಡುತ್ತವೆ. ವಿಜಯನಗರದವರೂ ಬಹಮನಿಗಳೂ ತಲೆಮಾರುಗಟ್ಟಲೆ ಕಾದಾಡಿದ ರಾಯಚೂರು ದೋಆಬ್‌ನ ಮೂಡಣ ತುದಿ ಇದೇ. 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಗದ್ವಾಲ, ಆಲಂಪುರ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಗೆ ಸೇರಿದ್ದವು. ಗಡಿ ಎಳೆದರೂ ನಂಟು ಕಡಿಯಲಿಲ್ಲ. ಕೆ.ಟಿ. ದೊಡ್ಡಿ ದಾರಿಯ ಹಳ್ಳಿಗಳಲ್ಲಿ ಒಂದೇ ಮನೆಯ ಅತ್ತೆ ಕನ್ನಡ, ಸೊಸೆ ತೆಲುಗು. ಜಗಳ ಮಾತ್ರ ಎರಡರಲ್ಲೂ. ಹತ್ತಿ ಮಾರಲು ಟ್ರ್ಯಾಕ್ಟರುಗಳು ಇಂದಿಗೂ ರಾಯಚೂರಿನ ಮಾರುಕಟ್ಟೆಗೆ ಹೋಗುತ್ತವೆ. ಧರೂರು ಮಂಡಲದ ರೇವುಲಪಲ್ಲಿಯ ಬಳಿ ಜುರಾಲಾ ಅಣೆಕಟ್ಟು ಕೃಷ್ಣೆಗೆ ಅಡ್ಡವಾಗಿ ಮಲಗಿದೆ. ಅದರ ಹಿನ್ನೀರನ್ನು ಎತ್ತಿ ಒಳನಾಡಿನ ಕೆರೆಗಳಿಗೆ ಕಳಿಸುವ ನೆಟ್ಟೆಂಪಾಡು ಯೋಜನೆಯ ಕಾಲುವೆಗಳು ಈ ಹೊಲಗಳ ನಡುವೆಯೇ ಹಾದುಹೋಗುತ್ತವೆ. ಮೇಲೆ ನಮ್ಮ ನಾರಾಯಣಪುರದ ಗೇಟು ಎತ್ತಿದರೆ ಇಲ್ಲಿ ನೀರು ಏರುತ್ತದೆ.

ಈ ಹೊಲಗಳಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಕೈಯ ಚಳಕಕ್ಕಿಂತ ಯೋಜನೆ. ಹೆಣ್ಣು ಸಾಲು ನಾಲ್ಕಾದರೆ ಗಂಡು ಒಂದರ ಲೆಕ್ಕ. ಗಂಡು ಗಿಡವನ್ನು ಒಂದೇ ದಿನ ಬಿತ್ತುವುದಿಲ್ಲ; ವಾರ ಬಿಟ್ಟು ವಾರ ತುಂಡು ತುಂಡಾಗಿ ಬಿತ್ತುತ್ತಾರೆ. ಹೆಣ್ಣು ಗಿಡ ಎರಡು ತಿಂಗಳು ಮೊಗ್ಗು ಬಿಡುವಷ್ಟು ಕಾಲ ಗಂಡು ಹೂವಿಗೆ ಕೊರತೆ ಬೀಳಬಾರದು. ಪಕ್ಕದ ಹೊಲದಲ್ಲಿ ಬೇರೆ ಹತ್ತಿ ಇದ್ದರೆ ಜೇನುಹುಳು ಅಲ್ಲಿಯ ಪರಾಗ ಇಲ್ಲಿಗೆ ತರುತ್ತದೆ, ಅದಕ್ಕೆ ನಡುವೆ ಇಂತಿಷ್ಟು ಅಂತರ ಬಿಡಬೇಕು. ಹಾಗೆಂದರೆ ಅಕ್ಕಪಕ್ಕದ ರೈತರು ಬಿತ್ತನೆಗೆ ಮೊದಲೇ ಕೂತು ಮಾತಾಡಿರಬೇಕು. ಕ್ರಾಸಿಂಗ್ ಬಿರುಸಾದಾಗ ಎಕರೆಗೆ ದಿನಕ್ಕೆ ಹತ್ತರಷ್ಟು ಆಳು ಬೇಕು, ಎಲ್ಲರಿಗೂ ಒಂದೇ ಕಾಲದಲ್ಲಿ ಬೇಕು. ಆದ್ದರಿಂದ ಜ್ಯೇಷ್ಠದಲ್ಲೇ ಕೂಲಿಯವರ ಮನೆಗೆ ಮುಂಗಡ ಮುಟ್ಟಿರುತ್ತದೆ. ಮೋಡ ಕಂಡರೆ ಬೆಳಗಿನ ಕೆಲಸ ಹಿಂದಕ್ಕೋ ಮುಂದಕ್ಕೋ ಎಂದು ಅರ್ಧ ಗಂಟೆಯೊಳಗೆ ತೀರ್ಮಾನಿಸಬೇಕು, ಏಕೆಂದರೆ ಒದ್ದೆಯಾದ ಪರಾಗ ಒಡೆದು ಕೆಡುತ್ತದೆ. ದೊಡ್ಡ ಕಂಪನಿಗಳ ಆಡಳಿತಗಾರರು ತಿಂಗಳುಗಟ್ಟಲೆ ಸಭೆ ಸೇರಿ ರೂಪಿಸುವ ಪರ್ಯಾಯ ಮೂಲ, ಸಮಯ ಹೊಂದಾಣಿಕೆ, ಆಳಿನ ಮುಂಗಾಣ್ಕೆ ಎಲ್ಲವೂ ಇಲ್ಲಿ ಬದುವಿನ ಮೇಲೆ ಕೂತೇ ಆಗುತ್ತವೆ.

ಗಡಿಯಾರ ಮಾತ್ರ ಬಹಳ ಉದ್ದದ್ದು. 2025ರ ಆಗಸ್ಟಿನಲ್ಲಿ ಕೈ ತಾಕಿದ ಹೂವು ನವೆಂಬರಿಗೆ ಬಾಯಿಬಿಟ್ಟ ಕಾಯಿ. ಸಂಕ್ರಾಂತಿಯ ಆಸುಪಾಸಿಗೆ ಜಿನ್ನಿಂಗ್ ಆಗಿ ಅರಳೆ ಬೇರೆ, ಬೀಜ ಬೇರೆ. ಬೀಜಕ್ಕೆ ಅಂಟಿದ ನವಿರು ನಾರನ್ನು ಗಂಧಕಾಮ್ಲದಲ್ಲಿ ಸುಟ್ಟು, ತೊಳೆದು, ಕೀಟನಾಶಕದ ಬಣ್ಣ ಬಳಿದು ಪೊಟ್ಟಣ ಕಟ್ಟಿದರೆ 2026ರ ಮೇ ತಿಂಗಳಿಗೆ ಅಂಗಡಿಗೆ ಬರುತ್ತದೆ. ಮೃಗಶಿರಾ ಮಳೆಗೆ ಬಿತ್ತನೆ, ದೀಪಾವಳಿಗೆ ಮೊದಲ ಬಿಡಿಸುವಿಕೆ. ನೂಲು, ಬಟ್ಟೆ, ಬಣ್ಣ, ಹೊಲಿಗೆ ಮುಗಿಸಿ ಆ ಅಂಗಿ ಯಾವುದೋ ತಂಪು ದೇಶದ ಅಂಗಡಿಯ ಕೊಕ್ಕೆಗೆ ನೇತು ಬೀಳುವುದು 2027ರಲ್ಲಿ. ಎರಡು ವರ್ಷದಾಚೆಗೆ ಯಾರಿಗೆ ಎಷ್ಟು ಅಂಗಿ ಬೇಕೆಂದು ಇಂದು ಯಾರು ಬಲ್ಲರು? ಹತ್ತಿಯ ದರ ಏರಿದರೆ ಮುಂದಿನ ವರ್ಷ ಬಿತ್ತುವವರು ಹೆಚ್ಚು, ಬೀಜಕ್ಕೆ ಬೇಡಿಕೆ ಹೆಚ್ಚು. ಇಳಿದರೆ ಹಿಂದಿನ ವರ್ಷದ ಬೀಜವೇ ಗೋದಾಮಿನಲ್ಲಿ ಉಳಿಯುತ್ತದೆ. ಆಗ ಈ ಸಲ ಬೇಡ, ಇಷ್ಟೇ ಸಾಕು ಎಂಬ ಮಾತು ಹೊಲಕ್ಕೆ ಬರುತ್ತದೆ. ಅಷ್ಟರಲ್ಲಿ ಗಿಡ ಎದೆಮಟ್ಟ.

ಹೀಗಾಗುವುದು ಹೊಸತಲ್ಲ, ನಮ್ಮ ನೆಲಕ್ಕಂತೂ ಅಲ್ಲವೇ ಅಲ್ಲ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡಾಗ ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಿಗೆ ಬರುತ್ತಿದ್ದ ಹತ್ತಿ ನಿಂತುಹೋಯಿತು. ಒಂದೇ ದೇಶವನ್ನು ನೆಚ್ಚಿಕೊಂಡಿದ್ದ ಗಿರಣಿಗಳು ಮುಚ್ಚಿ ಸಾವಿರಾರು ಕಾರ್ಮಿಕರು ಉಪವಾಸ ಬಿದ್ದರು. ಆಗ ಅವರ ಕಣ್ಣು ಧಾರವಾಡದ ಕಪ್ಪು ಮಣ್ಣಿನತ್ತಲೂ ತಿರುಗಿತು. ಅಮೆರಿಕದ ತಳಿಯನ್ನು ತಂದು ಒಗ್ಗಿಸಿದ್ದ ‘ಧಾರವಾಡ ಅಮೆರಿಕನ್’ ಹತ್ತಿಗೆ ಕಂಡರಿಯದ ಬೆಲೆ ಬಂತು. ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೆ ಏರಿಸಲು ಕಾರವಾರದ ಬಂದರು ಬೇಕಾಯಿತು; 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಹತ್ತಿ ವರ್ತಕರ ಒತ್ತಾಯವೂ ಇತ್ತು. 1865ರಲ್ಲಿ ಯುದ್ಧ ನಿಂತಿತು, ಬೆಲೆ ಕುಸಿಯಿತು. ಬಂದರು ಕಟ್ಟಿಸಿಕೊಂಡವರು ಬೇರೆ ವ್ಯಾಪಾರ ನೋಡಿಕೊಂಡರು. ಸಾಲ ತಂದು ಹತ್ತಿಗೆ ಹೊಲ ಹಾಕಿದವರಿಗೆ ಬೇರೆ ದಾರಿ ಇರಲಿಲ್ಲ.

ಮುಂದೆ ಅದೇ ಧಾರವಾಡದಲ್ಲಿ ವಿಜ್ಞಾನಿ ಬಿ.ಎಚ್. ಕಟರಕಿ 1972ರಲ್ಲಿ ‘ವರಲಕ್ಷ್ಮಿ’ಯನ್ನು ರೂಪಿಸಿದರು. ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿದ, ವಾಣಿಜ್ಯ ಬೆಳೆಗೆ ಬಂದ ಮೊದಲ ಹೈಬ್ರಿಡ್ ಅದು. ಅದಕ್ಕೂ ಎರಡು ವರ್ಷ ಮೊದಲು ಸೂರತ್ತಿನಲ್ಲಿ ಸಿ.ಟಿ. ಪಟೇಲರು ಜಗತ್ತಿನ ಮೊದಲ ಹೈಬ್ರಿಡ್ ಹತ್ತಿ ‘ಎಚ್-4’ ಕೊಟ್ಟಿದ್ದರು. ಕೈಯಿಂದ ಮೊಗ್ಗು ಬಿಡಿಸಿ ಬೀಜ ಮಾಡುವುದು ಪ್ರಯೋಗಶಾಲೆಯ ಹಿತ್ತಲಿನಿಂದ ಹೊಲಕ್ಕೆ ಬಂದಿದ್ದು ಹೀಗೆ. ನಮ್ಮ ರಾಣೆಬೆನ್ನೂರು ಸೀಮೆ ಬೀಜದ ಬೆಳೆಗೆ ಹೆಸರಾಯಿತು, ಅಂದಿನ ಅವಿಭಜಿತ ಆಂಧ್ರದ ಕಡೆ ನಂದ್ಯಾಲ, ಗದ್ವಾಲಗಳು ಬೆಳೆದವು. 2002ರಲ್ಲಿ ಕೀಟನಿರೋಧಕ ಗುಣದ ಬಿಟಿ ಹತ್ತಿಗೆ ಅನುಮತಿ ದೊರೆತ ಮೇಲೆ ಬೀಜದ ವ್ಯಾಪಾರ ಹಿಗ್ಗಿದ ಪರಿ ಇಲ್ಲಿನ ಊರುಗಳ ಮನೆ ಮಾಳಿಗೆಗಳಲ್ಲೇ ಕಾಣುತ್ತದೆ. ಗೆದ್ದವರ ಮನೆ ಎರಡಂತಸ್ತು. ಸೋತವರದು ಅರ್ಧಕ್ಕೆ ನಿಂತ ಕಂಬ.

ಸೋಲು ಗೆಲುವು ತೀರ್ಮಾನವಾಗುವುದು ಹೊಲದಲ್ಲಲ್ಲ. ಕಂಪನಿಗೂ ರೈತನಿಗೂ ನಡುವೆ ‘ಆರ್ಗನೈಸರ್’ ಇದ್ದಾನೆ. ತಾಯಿತಂದೆ ತಳಿಯ ಬೀಜ ಕೊಡುವವನು ಅವನೇ, ಗೊಬ್ಬರಕ್ಕೆ, ಕೂಲಿಗೆ ಮುಂಗಡ ಕೊಡುವವನೂ ಅವನೇ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಇಲ್ಲಿ ಯಾರಿಗೂ ಹೊಸ ಮಾತಲ್ಲ. ಬೀಜ ಒಪ್ಪಿಸಿದ ಮೇಲೆ ಅದರ ಒಂದು ಹಿಡಿ ಪರೀಕ್ಷೆಗೆ ಹೋಗುತ್ತದೆ. ‘ಜಿಓಟಿ’ ಎಂಬ ಮೂರಕ್ಷರಕ್ಕೆ ನಡಿಗಡ್ಡದ ಮಕ್ಕಳೂ ಬೆಚ್ಚುತ್ತಾರೆ. ಮಾದರಿ ಬೀಜವನ್ನು ಎಲ್ಲೋ ದೂರದ ಹೊಲದಲ್ಲಿ ಬಿತ್ತಿ, ಗಿಡ ಬೆಳೆಸಿ, ನೂರರಲ್ಲಿ ಎಷ್ಟು ನಿಜವಾದ ಹೈಬ್ರಿಡ್ ಎಂದು ಎಣಿಸುವ ಪರೀಕ್ಷೆ. 90ಕ್ಕಿಂತ ಕಡಿಮೆ ಬಂದರೆ ಲಾಟು ಫೇಲು. ಫಲಿತಾಂಶಕ್ಕೆ ತಿಂಗಳುಗಳು ಬೇಕು. ಕೊನೆಯ ಹಣ ಅದರ ನಂತರ. ಅಷ್ಟು ದಿನವೂ ಬಡ್ಡಿ ಬೆಳೆಯುತ್ತದೆ. ಫೇಲಾದ ಬೀಜಕ್ಕೆ ಬೀಜದ ಬೆಲೆಯಿಲ್ಲ, ಗಾಣದ ಕಾಳಿನ ಬೆಲೆ. ಹತ್ತು ಜನ ಎರಡು ತಿಂಗಳು ಬಗ್ಗಿ ನಿಂತು ಮಾಡಿದ ಕೆಲಸದಲ್ಲಿ ಎಲ್ಲಿ, ಯಾವ ಸಾಲಿನಲ್ಲಿ, ಯಾರ ಉಗುರು ತಪ್ಪಿತು ಎಂದು ಯಾರಿಗೂ ಹೇಳಲಾಗದು. ತಪ್ಪಿದ್ದು ಹೊಲದಲ್ಲೋ, ಕೊಟ್ಟ ಮೂಲಬೀಜದಲ್ಲೋ ಎಂಬುದನ್ನು ಸಾಬೀತು ಮಾಡುವ ಬಗೆಯೂ ರೈತನ ಕೈಯಲ್ಲಿಲ್ಲ.

ರೈತ ಕೊಳ್ಳುವ ಬೀಜದ ಬೆಲೆಗೆ ಮಿತಿಯಿದೆ. 2015ರ ಡಿಸೆಂಬರಿನ ಆದೇಶದ ಮೇಲೆ ಕೇಂದ್ರ ಸರ್ಕಾರ ಪ್ರತಿ ವರ್ಷ ಬಿಟಿ ಹತ್ತಿ ಬೀಜದ ಗರಿಷ್ಠ ಮಾರಾಟ ಬೆಲೆ ಗೊತ್ತುಮಾಡುತ್ತದೆ. 2025ರ ಹಂಗಾಮಿಗೆ ಅದು ಪೊಟ್ಟಣಕ್ಕೆ 901 ರೂಪಾಯಿ ಇತ್ತು. ಆ ಬೀಜ ಬೆಳೆದುಕೊಟ್ಟವನಿಗೆ ಇಂತಿಷ್ಟು ಸಲ್ಲಬೇಕೆಂದು ಆ ಆದೇಶದಲ್ಲಿಲ್ಲ. 1966ರ ಬೀಜ ಕಾಯ್ದೆ ಕಣ್ಣಿಟ್ಟಿದ್ದು ಮಾರಾಟಕ್ಕೆ ಬರುವ ಬೀಜದ ಗುಣಮಟ್ಟದ ಮೇಲೆ. ಮೇಲಿನ ಬೆಲೆ ಕಟ್ಟಿಹಾಕಿ ಕೆಳಗಿನದನ್ನು ಬಿಟ್ಟರೆ ಒತ್ತಡ ಎತ್ತ ಇಳಿಯುತ್ತದೆ ಎಂದು ತಿಳಿಯಲು ಅರ್ಥಶಾಸ್ತ್ರ ಓದಬೇಕಿಲ್ಲ.

ಸರಪಳಿಯ ಆಚೆ ತುದಿಯಲ್ಲಿ ಅಪಾಯವೆಂದರೆ ಬೇರೆ ಚಿತ್ರ. 2021ರ ಮಾರ್ಚಿನಲ್ಲಿ ‘ಎವರ್ ಗಿವನ್’ ಹಡಗು ಸೂಯೆಜ್ ಕಾಲುವೆಯಲ್ಲಿ ಅಡ್ಡ ಸಿಕ್ಕಿಕೊಂಡು ಆರು ದಿನ ಲೋಕದ ವ್ಯಾಪಾರ ಉಸಿರು ಹಿಡಿದು ನಿಂತಿತು. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ದಾಳಿಗಳಾಗಿ ಹಡಗುಗಳು ಆಫ್ರಿಕಾದ ತುದಿ ಸುತ್ತಿ ಹೋಗತೊಡಗಿದವು. ಇಂಥವಕ್ಕೆ ಅಲ್ಲಿ ಉಪಾಯಗಳಿವೆ: ಹೆಚ್ಚು ದಾಸ್ತಾನು, ಎರಡನೇ ಪೂರೈಕೆದಾರ, ವಿಮೆ, ಮುಂಗಡ ವಾಯಿದೆ. 2025ರ ಆಗಸ್ಟ್ 19ರಿಂದ ಜಾರಿಗೆ ಬರುವಂತೆ ನಮ್ಮ ಸರ್ಕಾರ ಹೊರದೇಶದ ಹತ್ತಿಯ ಮೇಲಿನ ಶೇ 11ರ ಆಮದು ಸುಂಕವನ್ನು ತಾತ್ಕಾಲಿಕವಾಗಿ ತೆಗೆಯಿತು, ಮತ್ತೆ ಅದನ್ನು ಡಿಸೆಂಬರಿನವರೆಗೆ ವಿಸ್ತರಿಸಿತು. ಆಗಸ್ಟ್ 27ರಿಂದ ಅಮೆರಿಕ ನಮ್ಮ ಬಹುಪಾಲು ಸರಕಿನ ಮೇಲೆ ಶೇ 50ರ ಸುಂಕ ಹೇರಿ ತಿರುಪ್ಪೂರಿನ ಹೊಲಿಗೆ ಯಂತ್ರಗಳಿಗೆ ನಡುಕ ಹುಟ್ಟಿಸಿತು. ಗಿರಣಿಗೆ ಅಗ್ಗದ ಹತ್ತಿ ಬೇಕಿತ್ತು. ಸರ್ಕಾರದ ಲೆಕ್ಕ ಅರ್ಥವಾಗುವಂಥದೇ. ಆದರೆ ಆ ದಿನಗಳು ನಡಿಗಡ್ಡದಲ್ಲಿ ಕ್ರಾಸಿಂಗಿನ ಕಾಲ. ಹತ್ತಿಯ ಮುಂದಿನ ವರ್ಷದ ಬೆಲೆ ಏನಾದೀತೆಂದು ಯಾರಿಗೂ ತಿಳಿಯದ ಹೊತ್ತಿನಲ್ಲಿ ಇಲ್ಲಿ ದಿನಕ್ಕೆ ಹತ್ತು ಆಳಿನ ಕೂಲಿ ಎಣಿಸಬೇಕಿತ್ತು. ಹೂವನ್ನು ದಾಸ್ತಾನು ಮಾಡಲು ಬರುವುದಿಲ್ಲ. ಹಡಗು ಆರು ದಿನ ತಡವಾಗಬಹುದು, ಹೂವು ಒಂದು ಮಧ್ಯಾಹ್ನ ಕಾಯುವುದಿಲ್ಲ. ಹೀಗಾಗಿ ಸರಪಳಿಯ ಮೇಲಿನ ಕೊಂಡಿಗಳು ಒಂದೊಂದಾಗಿ ತಮ್ಮ ಅಪಾಯವನ್ನು ಹಿಂದಕ್ಕೆ ದಾಟಿಸುತ್ತ ಬಂದು, ಇನ್ನು ದಾಟಿಸಲು ಯಾರೂ ಇಲ್ಲದ ಕಡೆ ಅದು ನಿಲ್ಲುತ್ತದೆ.

ಅಲ್ಲಿಂದಲೂ ಒಂದು ಕಾಲದಲ್ಲಿ ಆ ಅಪಾಯ ಇನ್ನೂ ಕೆಳಕ್ಕೆ ಇಳಿದಿತ್ತು. ಇದನ್ನು ಬರೆಯುವಾಗ ಮನಸ್ಸು ಕಹಿಯಾಗುತ್ತದೆ. 2000ದ ಆಸುಪಾಸಿನ ವರ್ಷಗಳಲ್ಲಿ ಆಂಧ್ರದ ಬೀಜದ ಹೊಲಗಳಲ್ಲಿ ಮೊಗ್ಗು ಬಿಡಿಸುತ್ತಿದ್ದವರಲ್ಲಿ ಬಹಳ ಮಂದಿ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು. ಪುಟ್ಟ ಬೆರಳು ಮೊಗ್ಗಿಗೆ ಪೆಟ್ಟು ಮಾಡದು, ಪುಟ್ಟ ಮೈ ಬಗ್ಗಬೇಕಿಲ್ಲ ಎಂಬ ಸಬೂಬು ಆಗ ಎಲ್ಲರ ಬಾಯಲ್ಲಿತ್ತು. ಸಬೂಬಿನ ಹಿಂದೆ ಇದ್ದದ್ದು ಕಡಿಮೆ ಕೂಲಿ ಮತ್ತು ತಾಯ್ತಂದೆಯ ಕೈಗೆ ಹೋಗಿದ್ದ ಮುಂಗಡ. ಸಂಶೋಧಕ ದಾವುಲೂರಿ ವೆಂಕಟೇಶ್ವರ್ಲು ಹೊಲ ಹೊಲ ಸುತ್ತಿ 2003ರಲ್ಲಿ ಹೊರತಂದ ವರದಿ ಬಹುರಾಷ್ಟ್ರೀಯ ಬೀಜ ಕಂಪನಿಗಳನ್ನು ಯುರೋಪಿನಲ್ಲೇ ಕಟಕಟೆಗೆ ತಂದು ನಿಲ್ಲಿಸಿತು. ಅಮೆರಿಕದ ಕಾರ್ಮಿಕ ಇಲಾಖೆ 2009ರಲ್ಲಿ ಬಾಲಕಾರ್ಮಿಕರು ದುಡಿದ ಸರಕುಗಳ ಪಟ್ಟಿ ಪ್ರಕಟಿಸಿದಾಗ ಭಾರತದ ಹೈಬ್ರಿಡ್ ಹತ್ತಿ ಬೀಜ ಅದರಲ್ಲಿತ್ತು. ಮುಂದೆ ತಪಾಸಣೆ ಬಂತು, ಮಕ್ಕಳಿದ್ದರೆ ದಂಡ, ಇಲ್ಲದಿದ್ದರೆ ಹೆಚ್ಚುವರಿ ಹಣ ಎಂಬ ಒಪ್ಪಂದ ಬಂತು, ಶಾಲೆಗಳೂ ಬಂದವು. ಮಕ್ಕಳು ಕಡಿಮೆಯಾದದ್ದು ನಿಜ. ಪೂರ್ತಿ ಇಲ್ಲವಾದರೆಂದು ನಾನು ಹೇಳಲಾರೆ. ದಸರಾ ರಜೆ ಕ್ರಾಸಿಂಗಿನ ಕೊನೆಯ ವಾರಗಳಿಗೇ ಬೀಳುತ್ತದೆ.

ಜರ್ಮನಿಯಲ್ಲಿ 2023ರ ಜನವರಿಯಿಂದ, ಯುರೋಪಿನ ಒಕ್ಕೂಟದಲ್ಲಿ 2024ರ ನಿರ್ದೇಶನದ ಮೂಲಕ, ಕಂಪನಿಗಳು ತಮ್ಮ ಸರಪಳಿಯನ್ನು ಹಿಂದಕ್ಕೆ ತಡಕಿ ನೋಡಬೇಕೆಂಬ ಕಾನೂನು ರೂಪುಗೊಂಡಿದೆ. ತಡಕುವ ಕೈ ಧರೂರಿನವರೆಗೆ ಬರಲಿ ಎಂದು ನಾನು ಮನಸಾರೆ ಹಾರೈಸುತ್ತೇನೆ. ಬಂದಾಗ ಬರಿಯ ಮಕ್ಕಳ ಹಾಜರಿ ನೋಡಿ ಹೋದರೆ ಸಾಲದು. ಆಳಿಗೆ ನ್ಯಾಯದ ಕೂಲಿ ಕೊಡುವಷ್ಟು ಬೆಲೆ ಬೀಜಕ್ಕೆ ಸಿಕ್ಕಿತೇ, ಜಿಓಟಿಯ ಮಾದರಿಯ ಒಂದು ಪಾಲು ಮೊಹರು ಹಾಕಿ ರೈತನ ಬಳಿ ಉಳಿಯಿತೇ, ಒಪ್ಪಂದದ ಪ್ರತಿ ತೆಲುಗಿನಲ್ಲೋ ಕನ್ನಡದಲ್ಲೋ ಅವನ ಪೆಟ್ಟಿಗೆಯಲ್ಲಿದೆಯೇ, ಫಲಿತಾಂಶಕ್ಕೊಂದು ಕಡೆಯ ದಿನವಿದೆಯೇ ಎಂದು ಕೇಳಬೇಕು. ಮಗು ಸಾಲಿಗೆ ಇಳಿಯುವುದು ಈ ಪ್ರಶ್ನೆಗಳಿಗೆ ಉತ್ತರವಿಲ್ಲದಾಗಲೇ.

ಇನ್ನೊಂದು ಅಪಾಯ ಬೀಜದೊಳಗೇ ಕೂತಿದೆ. ದೇಶದ ಹತ್ತಿ ನೆಲದಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಬಿಟಿ. ಪೊಟ್ಟಣದ ಮೇಲೆ ಹೆಸರು ನೂರಾರು, ಒಳಗಿನ ಕೀಟನಿರೋಧಕ ಗುಣ ಮಾತ್ರ ಬಹುಪಾಲು ಅವೇ ಎರಡು ವಂಶವಾಹಿಗಳದು. ಗುಲಾಬಿ ಕಾಯಿಕೊರಕ ಅದನ್ನು ಅರಗಿಸಿಕೊಂಡಿತು: ಮೊದಲ ಪೀಳಿಗೆಯ ಬಿಟಿಗೆ ಹುಳು ಬಗ್ಗುತ್ತಿಲ್ಲವೆಂದು ಗುಜರಾತಿನಿಂದ 2010ರಲ್ಲೇ ಸುದ್ದಿ ಬಂತು, ಕೆಲವೇ ವರ್ಷಗಳಲ್ಲಿ ಎರಡನೆಯದರ ಸರದಿ. ರಾಯಚೂರು ಸೀಮೆಯ ರೈತ ಹುಳು ಹಿಡಿದ ಕಾಯಿ ಬಿಡಿಸಿ ತೋರಿಸುವಾಗ ಸರಪಳಿಯ ಯಾವ ನಕ್ಷೆಯೂ ಬೇಕಾಗುವುದಿಲ್ಲ. ಹತ್ತಾರು ಕಂಪನಿಗಳಿಂದ ಬಟ್ಟೆ ಕೊಳ್ಳುತ್ತೇವೆ, ಆದ್ದರಿಂದ ಸುರಕ್ಷಿತ ಎಂದು ನಂಬಿದ ವ್ಯಾಪಾರಿಗೆ ಆ ಹತ್ತಾರೂ ಕೊನೆಗೆ ಒಂದೇ ಗುಣಕ್ಕೆ, ಬೆರಳೆಣಿಕೆಯ ಬೀಜದ ಸೀಮೆಗಳಿಗೆ, ಒಂದೇ ಭಾದ್ರಪದದ ಮಳೆಗೆ ಕಟ್ಟುಬಿದ್ದಿವೆ ಎಂಬುದು ಕಾಣುವುದಿಲ್ಲ. ಇಲ್ಲಿನ ಮಳೆಯನ್ನು ಹಗುರಾಗಿ ಎಣಿಸುವಂತಿಲ್ಲ. 2009ರ ಅಕ್ಟೋಬರಿನ ಮೊದಲ ದಿನಗಳಲ್ಲಿ ಕೃಷ್ಣೆ, ತುಂಗಭದ್ರೆ ಎರಡೂ ಒಟ್ಟಿಗೆ ಉಕ್ಕಿ ಆಲಂಪುರ, ಕರ್ನೂಲು, ನಮ್ಮ ರಾಯಚೂರಿನ ಹೊಳೆದಂಡೆಯ ಊರುಗಳು ಮುಳುಗಿದ್ದವು. ಕಾಯಿ ಬಲಿಯುವ ಹೊತ್ತು ಅದು.

ಅಕ್ಟೋಬರಿನಲ್ಲಿ ಒಂದು ದಿನ ಕ್ರಾಸಿಂಗ್ ಬಂದ್ ಎಂದು ಗೊತ್ತುಪಡಿಸುತ್ತಾರೆ. ಅಂದಿನಿಂದ ಗಿಡ ಬಿಡುವ ಪ್ರತಿ ಹೊಸ ಮೊಗ್ಗನ್ನೂ ಕಿತ್ತು ನೆಲಕ್ಕೆ ಹಾಕಬೇಕು. ಒಂದು ಉಳಿದರೂ ಅದು ತಾನಾಗಿ ಕಾಯಿಕಟ್ಟಿ ಲಾಟಿಗೆ ಕುತ್ತು ತರುತ್ತದೆ. ಹಾಗೆ ಕೀಳುತ್ತಿದ್ದ ಹೊಲದೊಡತಿಯನ್ನು ಮುಂದಿನ ವರ್ಷ ಎಷ್ಟು ಹಾಕುತ್ತೀಯವ್ವಾ ಎಂದು ಕೇಳಿದೆ. ಎರಡು ಎಕರೆ ಬೀಜದ ಹತ್ತಿ ಮಾಡಿದ ಮನೆ ಅದು. ಆಕೆ ಬೆರಳು ಮಡಚಿ ಲೆಕ್ಕ ಹೇಳಿದಳು: “ಸೀಡು ಅರ್ಧ ಎಕರೆ ಸಾಕು, ಮನ್ಯಾನ ಕೈಯಾಗ ಆಗೋವಷ್ಟು. ಒಂದ್ ಎಕರೆ ಶೇಂಗಾ. ಉಳಿದಿದ್ರಾಗ ಮೆಣಸಿನಕಾಯಿ. ಕಾಲುವಿಗಿ ನೀರ್ ಬಿಟ್ರ ನೋಡಣ, ಇಲ್ಲಂದ್ರ ತೊಗರಿ ಒಗಿಯೋದು. ಕಂಪ್ನಿಯವ್ರು ಕಾಗದದ ಮ್ಯಾಲ ರೇಟು ಬರದ ಕೊಟ್ರ ಮತ್ತ ಒಂದ್ ಎಕರೆ ಏರಿಸ್ತೀನಿ, ಬಾಯಿ ಮಾತಿಗಿ ಏರಸಂಗಿಲ್ಲ.”